ಸತ್ವ ಇರೋದು ಸಾರಲ್ಲೋ, ತುಂಡಲ್ಲೋ?

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ರಿಲೀಸು, ಅದರ ಹಿಂದೆ ಬಂದ ಬಗ್ಗುಗಳು, ಅದರ ಹಿಂದೆ ಬಂದ ಮ್ಯಾನೇಜರು... ನಿಮಗೆ ಗೊತ್ತಿರೋ ಕಥೆಯೇ. ಈ ಸಲ ಬರೆಯೋಕೆ ಕೂತಿರೋದು ಸ್ವಲ್ಪ ವಿಚಿತ್ರವಾದ ವಿಷಯದ ಬಗ್ಗೆ: ಬೆಂದ ಕುರಿಮಾಂಸ. ರೆಸಿಪಿ ಅಲ್ಲ, ಇತಿಹಾಸ. ಸಸ್ಯಾಹಾರಿ ಗೆಳೆಯರು ಮುಖ ತಿರುಗಿಸಬೇಡಿ. ಇದರಲ್ಲಿ ಮಾಂಸಕ್ಕಿಂತ ಲೆಕ್ಕವೇ ಜಾಸ್ತಿ ಇದೆ.

ನಮ್ಮದು ಮಂಡ್ಯದ ಕಡೆಯ ಹಳ್ಳಿ. ಅಲ್ಲಿಯ ಕುರಿಗೆ ಪುಸ್ತಕದಲ್ಲಿ ಮಂಡ್ಯ ತಳಿ ಅಂತ ಹೆಸರು, ಜನರ ಬಾಯಲ್ಲಿ ಬನ್ನೂರು ಕುರಿ. ಗಿಡ್ಡ ಕಾಲು, ಮೈತುಂಬಾ ಮಾಂಸ. ಹಬ್ಬಕ್ಕೋ, ನೆಂಟರು ಬಂದಾಗಲೋ, ಭಾನುವಾರ ಅಪ್ಪನ ಕೈಯಲ್ಲಿ ನಾಲ್ಕು ಕಾಸಿದ್ದಾಗಲೋ ಮನೆಗೆ ಒಂದು ಕೆಜಿ ಬಾಡು ಬರುತ್ತಿತ್ತು. ಮನೆಯಲ್ಲಿ ಎಂಟು ಜನ. ಅಮ್ಮ ಮಸಾಲೆ ಅರೆದು, ಧಾರಾಳವಾಗಿ ನೀರು ಸುರಿದು, ಎಂಟು ಜನಕ್ಕೂ ಎರಡು ಹೊತ್ತಿಗೂ ಆಗುವ ಹಾಗೆ ಸಾರು ಕುದಿಸುತ್ತಿದ್ದಳು. ಬಡಿಸುವ ಕ್ರಮವನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಒಂದು ದಿನವೂ ತಪ್ಪಿರಲಿಲ್ಲ. ಮೊದಲು ತಾತ, ಅಪ್ಪ, ಚಿಕ್ಕಪ್ಪ. ಆಮೇಲೆ ನಾನು, ನನ್ನ ತಮ್ಮ. ಆಮೇಲೆ ಅಕ್ಕ. ಕೊನೆಗೆ ಅಜ್ಜಿ, ಅಮ್ಮ. ಸೌಟು ಅಮ್ಮನ ತಟ್ಟೆಗೆ ಬರುವಷ್ಟರಲ್ಲಿ ಪಾತ್ರೆಯಲ್ಲಿ ಉಳಿದಿರುತ್ತಿದ್ದದ್ದು ಸಾರು, ಒಂದೆರಡು ಎಲುಬು, ಅರ್ಧ ಆಲೂಗಡ್ಡೆ.

"ನೀನ್ಯಾಕಮ್ಮ ತುಂಡು ಹಾಕ್ಕೊಳಲ್ಲ?" ಅಂತ ಚಿಕ್ಕವನಿದ್ದಾಗ ಒಂದು ಸಲ ಕೇಳಿದ್ದೆ.

"ಸತ್ವ ಎಲ್ಲಾ ಸಾರಿಗೇ ಬಿಟ್ಕಂಡಿರ್ತದೆ ಕಣ್ಲಾ. ತುಂಡಲ್ಲಿ ಏನದೆ, ಬರೀ ನಾರು" ಅಂದಿದ್ದಳು.

ಎಷ್ಟು ಸಮಾಧಾನದ ಉತ್ತರ ನೋಡಿ. ನನ್ನ ತಟ್ಟೆಯ ತುಂಡುಗಳನ್ನು ನಾನು ನಿಶ್ಚಿಂತೆಯಿಂದ ತಿಂದೆ. ಒಳ್ಳೆಯ ಭಾಗ ಅಮ್ಮನಿಗೇ ಹೋಗ್ತಿದೆಯಲ್ಲ!

ಎರಡು ವರ್ಷದ ಹಿಂದೆ ಅಮ್ಮನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಶುರುವಾಯ್ತು. ಬೆಂಗಳೂರಿಗೆ ಕರಕೊಂಡು ಬಂದು ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 7.9. ಹನ್ನೆರಡಾದರೂ ಇರಬೇಕಾದದ್ದು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಮುಟ್ಟಿನ ತೊಂದರೆಗೆ ಇನ್ನೊಂದು ಪರೀಕ್ಷೆ ಹೇಳಿದರು. ಹೊರಡುವಾಗ "ಚೆನ್ನಾಗಿ ಮಟನ್ ಸೂಪ್ ಕುಡಿಸಿ" ಅಂತಲೂ ಒಂದು ಮಾತು ಸೇರಿಸಿದರು. ನನಗೆ ಹಿಡಿಸಿದ್ದು ಆ ಕೊನೆಯ ಮಾತು. ಪ್ರತಿ ಭಾನುವಾರ ಬೆಳಗ್ಗೆ ಎದ್ದು ಹೋಗಿ ಕಾಲು ತಂದು, ಕುಕ್ಕರಿನಲ್ಲಿ ಹತ್ತು ಹನ್ನೆರಡು ವಿಷಲ್ ಕೂಗಿಸಿ, ಮೆಣಸು ಜೀರಿಗೆ ಹಾಕಿ ಲೋಟಗಟ್ಟಲೆ ಕುಡಿಸಿದೆ. ಮಾತ್ರೆ ತಿಂದರೆ ಹೊಟ್ಟೆ ಉರಿಯುತ್ತೆ ಅಂತ ಅಮ್ಮ ಅದನ್ನು ಮೆಲ್ಲಗೆ ಬಿಟ್ಟಿದ್ದಳು. ಆ ಇನ್ನೊಂದು ಪರೀಕ್ಷೆಯನ್ನು "ಆಮೇಲೆ ನೋಡಾನ" ಅಂತ ಮುಂದೂಡುತ್ತಾ ಇದ್ದಳು. ಸೂಪು ಕುಡೀತಾ ಇದ್ದಾಳಲ್ಲ ಅಂತ ನಾನೂ ಒತ್ತಾಯ ಮಾಡಲಿಲ್ಲ.

ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. 8.1.

ಮೂರು ತಿಂಗಳ ಸೂಪಿಗೆ ಸಿಕ್ಕಿದ್ದು 0.2. ಅದು ಮಾಪನದ ಹೆಚ್ಚುಕಮ್ಮಿಯೂ ಆಗಿರಬಹುದು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟರೆ ನಾವೇನು ಮಾಡ್ತೀವಿ? ಯಾವ ಸಾಲಿನಲ್ಲಿ ತಪ್ಪಾಯ್ತು ಅಂತ ಹಿಂದಕ್ಕೆ ಹಿಂದಕ್ಕೆ ಹೋಗ್ತೀವಿ. ನಾನೂ ಹಾಗೇ ಹೊರಟೆ. "ಸತ್ವ ಸಾರಿಗೆ ಬಿಟ್ಟುಕೊಳ್ಳುತ್ತೆ" ಅನ್ನೋ ಸಾಲು ಎಲ್ಲಿಂದ ಬಂತು? ಅದು ನಿಜವೇ?

ಹೋಗ್ತಾ ಹೋಗ್ತಾ ಗೊತ್ತಾಗಿದ್ದೇನು ಅಂದ್ರೆ, ಈ ತಪ್ಪನ್ನು ಮಾಡಿದ್ದು ನಮ್ಮಮ್ಮ ಒಬ್ಬಳೇ ಅಲ್ಲ. ಯುರೋಪಿನ ದೊಡ್ಡ ದೊಡ್ಡ ರಸಾಯನ ವಿಜ್ಞಾನಿಗಳೂ ಇದರಲ್ಲೇ ಬಿದ್ದು ಎದ್ದಿದ್ದಾರೆ.

*

ಸಾರಿನ ಮೇಲಿನ ನಂಬಿಕೆ ತುಂಬಾ ಹಳೆಯದು. ನಮ್ಮ ಚರಕಸಂಹಿತೆಯಲ್ಲಿ ಸೊರಗಿದವರಿಗೆ ಮಾಂಸರಸವನ್ನು ಹೇಳಿದೆ. ಯುರೋಪಿನಲ್ಲೂ ಕಾಯಿಲೆಯವರಿಗೆ ಮಾಂಸದ ತಿಳಿಸಾರು ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಜೀರ್ಣಶಕ್ತಿ ಕುಂದಿದವರಿಗೆ ಬಿಸಿಯಾದ, ಉಪ್ಪಿನ ರುಚಿಯ, ನೀರಾದ ಪದಾರ್ಥ ಹಿತ ಅನ್ನೋದರಲ್ಲಿ ತಪ್ಪೇನಿಲ್ಲ. ತಪ್ಪಾಗಿದ್ದು 'ಹಿತ' ಅನ್ನೋದು ನಿಧಾನವಾಗಿ 'ಪುಷ್ಟಿ' ಅಂತ ಆದಾಗ.

ನಮ್ಮ ಮನೆಯ ಕುಕ್ಕರಿನ ಮುತ್ತಜ್ಜ ಕೂಡಾ ಈ ಕಥೆಯಲ್ಲಿ ಬರ್ತಾನೆ. ಡೆನಿಸ್ ಪಾಪಿನ್ ಅನ್ನೋ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿದ್ದುಕೊಂಡು, ಎಲುಬನ್ನು ಮೆತ್ತಗೆ ಮಾಡುವ ಮುಚ್ಚಿದ ಪಾತ್ರೆಯೊಂದನ್ನು ಮಾಡಿ 1681ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಆವಿ ಹೊರಗೆ ಹೋಗದಂತೆ ಬಿಗಿದ ಮುಚ್ಚಳ, ಒತ್ತಡ ಜಾಸ್ತಿಯಾದರೆ ಬಿಡಲು ಒಂದು ವಾಲ್ವ್. ಗುರುತು ಸಿಕ್ಕಿತಲ್ಲ? 1682ರ ಏಪ್ರಿಲ್‌ನಲ್ಲಿ ರಾಯಲ್ ಸೊಸೈಟಿಯ ಸದಸ್ಯರಿಗೆ ಇದರಲ್ಲೇ ಅಡುಗೆ ಮಾಡಿ ಬಡಿಸಿದರು. ಜಾನ್ ಎವೆಲಿನ್ ಅನ್ನೋ ಸದಸ್ಯ ಆ ಊಟದ ಬಗ್ಗೆ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ದನದ ಎಲುಬು, ಕುರಿಯ ಎಲುಬು ಎಲ್ಲಾ ಗಿಣ್ಣಿನ ಹಾಗೆ ಮೆತ್ತಗಾಗಿದ್ದವಂತೆ. ಎಲುಬಿನಿಂದ ಇಳಿದದ್ದು ಆರಿದ ಮೇಲೆ ಗಟ್ಟಿಯಾಗಿ ಜೆಲ್ಲಿಯಾಯ್ತು. ಕಾಲು ಸೂಪನ್ನು ಫ್ರಿಜ್ಜಿನಲ್ಲಿಟ್ಟು ನೋಡಿದವರಿಗೆ ಈ ಜೆಲ್ಲಿ ಗೊತ್ತೇ ಇರುತ್ತೆ. ಅದರ ಹೆಸರು ಜೆಲಟಿನ್.

ಈ ಜೆಲ್ಲಿ ನೋಡಿದ ಯಾರಿಗೇ ಆದರೂ "ಅಬ್ಬಾ, ಸತ್ವ ಇಲ್ಲಿದೆ" ಅನ್ನಿಸೋದು ಸಹಜ. ಫ್ರಾನ್ಸಿನವರಿಗೂ ಹಾಗೇ ಅನ್ನಿಸಿತು. ಕ್ರಾಂತಿ, ಯುದ್ಧ, ಬಡತನ. ಮಾಂಸ ದುಬಾರಿ, ಎಲುಬು ಅಗ್ಗ. 1800ರ ನಂತರದ ದಶಕಗಳಲ್ಲಿ ಡಾರ್ಸೆ ಅನ್ನೋ ರಸಾಯನ ವಿಜ್ಞಾನಿ ಎಲುಬಿನಿಂದ ದೊಡ್ಡ ಪ್ರಮಾಣದಲ್ಲಿ ಜೆಲಟಿನ್ ತೆಗೆಯುವ ವಿಧಾನ ರೂಪಿಸಿದ. ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ರೋಗಿಗಳಿಗೆ, ಬಡವರಿಗೆ ಆ ಸಾರು ಹಂಚಿದರು. ಮಾಂಸದ ಬದಲು ಮಾಂಸದ 'ಸತ್ವ'! ಸರ್ಕಾರಕ್ಕೂ ಖರ್ಚು ಕಮ್ಮಿ.

ಆದರೆ ಕುಡಿದವರು ದೂರಲು ಶುರುಮಾಡಿದರು. ಜಗಳ ಹತ್ತಿ ವಿಜ್ಞಾನ ಅಕಾಡೆಮಿ ಒಂದು ಸಮಿತಿ ಮಾಡಿತು. ಅದರ ಮುಖ್ಯಸ್ಥ ಫ್ರಾಂಸ್ವಾ ಮಜಾಂಡಿ. ವರ್ಷಗಟ್ಟಲೆ ನಾಯಿಗಳಿಗೆ ಜೆಲಟಿನ್ ತಿನ್ನಿಸಿ ನೋಡಿ, 1841ರಲ್ಲಿ ವರದಿ ಕೊಟ್ಟರು: ಬರೀ ಜೆಲಟಿನ್‌ನಿಂದ ಪ್ರಾಣಿ ಬದುಕೋದಿಲ್ಲ. ಯಾಕೆ ಅಂತ ಅವರಿಗೆ ಗೊತ್ತಾಗಲಿಲ್ಲ. ಅದಕ್ಕೆ ಇನ್ನೂ ಅರವತ್ತು ವರ್ಷ ಬೇಕಾಯ್ತು. 1901ರಲ್ಲಿ ಇಂಗ್ಲೆಂಡಿನ ಹಾಪ್ಕಿನ್ಸ್ ಮತ್ತು ಕೋಲ್ ಟ್ರಿಪ್ಟೊಫ್ಯಾನ್ ಅನ್ನೋ ಅಮೈನೋ ಆಮ್ಲವನ್ನು ಬೇರ್ಪಡಿಸಿದರು. ದೇಹಕ್ಕೆ ಅದು ಬೇಕೇ ಬೇಕು, ದೇಹ ತಾನೇ ಮಾಡಿಕೊಳ್ಳಲಾರದು. ಜೆಲಟಿನ್‌ನಲ್ಲಿ ಅದು ಇಲ್ಲವೇ ಇಲ್ಲ. ಹಾಗಾಗಿ ಕಾಲು ಸೂಪಿನ ಜೆಲ್ಲಿ ಪ್ರೋಟೀನ್ ಹೌದು, ಆದರೆ ಒಂದು ಕಾಲು ಮುರಿದ ಪ್ರೋಟೀನ್.

*

ಜೆಲಟಿನ್ ಹೋಯ್ತು, ಸಾರು ಹೋಗಲಿಲ್ಲ. ಎಲುಬಿನ ಸಾರಲ್ಲದಿದ್ದರೆ ಮಾಂಸದ ಸಾರಲ್ಲಿ ಸತ್ವ ಇರಲೇಬೇಕಲ್ಲ? ಈ ಸಲ ಬಂದವನು ಸಾಮಾನ್ಯನಲ್ಲ. ಯೂಸ್ಟಸ್ ಫಾನ್ ಲೀಬಿಗ್, ಆ ಕಾಲದ ಅತ್ಯಂತ ಪ್ರಸಿದ್ಧ ರಸಾಯನ ವಿಜ್ಞಾನಿಗಳಲ್ಲೊಬ್ಬ. 1847ರಲ್ಲಿ ಮಾಂಸದ ರಸಾಯನದ ಮೇಲೆ ಒಂದು ಪುಸ್ತಕ ಬರೆದ. ಮಾಂಸದ ರಸದಲ್ಲಿರುವ ಲವಣಗಳು, ಕ್ರಿಯಾಟಿನ್‌ನಂಥ ವಸ್ತುಗಳು ಬಹಳ ಮುಖ್ಯ, ಅವನ್ನು ಕಳೆದುಕೊಂಡ ಮಾಂಸ ಸಪ್ಪೆ ನಾರು ಅಂತ ಅವನ ವಾದ. ಅಂದರೆ ನಮ್ಮಮ್ಮ ಹೇಳಿದ್ದು ಲೀಬಿಗ್ ಹೇಳಿದ್ದೇ!

ಅವನದ್ದೇ ಇನ್ನೊಂದು ಮಾತೂ ಇದೆ: ಮೊದಲು ಜೋರಾದ ಶಾಖಕ್ಕೆ ಒಡ್ಡಿದರೆ ಮಾಂಸದ ಮೇಲ್ಮೈ ಗಟ್ಟಿಯಾಗಿ ರಸ ಒಳಗೇ ಸೀಲ್ ಆಗುತ್ತೆ ಅಂತ. ಇವತ್ತಿಗೂ ಎಷ್ಟೋ ಅಡುಗೆ ಕಾರ್ಯಕ್ರಮಗಳಲ್ಲಿ ಇದನ್ನು ಹೇಳ್ತಾರೆ. ತೂಕ ಹಾಕಿ ನೋಡಿದರೆ ಹಾಗೇನೂ ಆಗೋದಿಲ್ಲ. ಹುರಿದರೆ ರುಚಿ, ಬಣ್ಣ, ಘಮ ಬರುತ್ತೆ ನಿಜ. ರಸ ಮಾತ್ರ ಹೊರಗೆ ಬಂದೇ ಬರುತ್ತೆ.

ಲೀಬಿಗ್‌ನ ಪುಸ್ತಕ ಓದಿದ ಗೀಬರ್ಟ್ ಅನ್ನೋ ಎಂಜಿನಿಯರ್ (ನಮ್ಮವನೇ!) ಒಂದು ಯೋಚನೆ ತಂದ. ದಕ್ಷಿಣ ಅಮೆರಿಕದಲ್ಲಿ ದನಗಳನ್ನು ಚರ್ಮಕ್ಕೋಸ್ಕರ ಕಡಿದು ಮಾಂಸ ಎಸೆಯುತ್ತಿದ್ದರು. ಅದನ್ನೇ ಕುದಿಸಿ, ಸಾರು ಇಂಗಿಸಿ, ಡಬ್ಬಿಯಲ್ಲಿ ಯುರೋಪಿಗೆ ಕಳಿಸಿದರೆ? 1865ರಲ್ಲಿ ಲೀಬಿಗ್‌ನ ಹೆಸರಿನ ಕಂಪನಿ ಲಂಡನ್ನಿನಲ್ಲಿ ಶುರುವಾಯ್ತು, ಕಾರ್ಖಾನೆ ಉರುಗ್ವೆಯ ಫ್ರೇ ಬೆಂಟೋಸ್‌ನಲ್ಲಿ. ಒಂದು ಕಿಲೋ ಗಟ್ಟಿ ಸಾರಕ್ಕೆ 30 ಕಿಲೋಗೂ ಹೆಚ್ಚು ಮಾಂಸ. ಮೂವತ್ತು ಕಿಲೋ ಮಾಂಸದ ಶಕ್ತಿ ಒಂದು ಡಬ್ಬಿಯಲ್ಲಿ ಅಂತ ಯಾರಿಗೆ ತಾನೇ ಅನ್ನಿಸೋದಿಲ್ಲ? ಡಬ್ಬಿಗಳು ಯುರೋಪಿನ ಮನೆಮನೆಗೆ ಹೋದವು.

ಇದಕ್ಕೂ ಮೊದಲೇ ಒಬ್ಬರು ಎಚ್ಚರಿಸಿದ್ದರು. ಅವರು ರಸಾಯನ ವಿಜ್ಞಾನಿಯಲ್ಲ, ನರ್ಸು. ಫ್ಲಾರೆನ್ಸ್ ನೈಟಿಂಗೇಲ್. 1859ರ ಕೊನೆಗೆ ಬಂದ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ, ಮಾಂಸದ ಸಾರೇ ಎಲ್ಲಕ್ಕಿಂತ ಪೌಷ್ಟಿಕ ಅನ್ನೋದು ನರ್ಸುಗಳ ಒಂದು ಸಾಮಾನ್ಯ ತಪ್ಪು ತಿಳುವಳಿಕೆ ಅಂತ ಬರೆದರು. ಬೇಕಿದ್ದರೆ ಸಾರನ್ನು ಪೂರಾ ಇಂಗಿಸಿ, ತಳದಲ್ಲಿ ಎಷ್ಟು ಉಳಿಯುತ್ತೆ ನೋಡಿ ಅಂದರು. ಉಳಿಯೋದು ಒಂದು ಚಮಚದಷ್ಟು! ಆದರೂ ರೋಗಿಗೆ ಅದರಿಂದ ಏನೋ ಒಂದು ಚೇತರಿಕೆ ಇದೆ ಅಂತಲೂ ಒಪ್ಪಿಕೊಂಡರು. ಇಂಥ ಸಮತೋಲನದ ಮಾತನ್ನು ಲೀಬಿಗ್‌ಗಿಂತ ಮೊದಲು ಹೇಳಿದ್ದು ಆಸ್ಪತ್ರೆಯ ವಾರ್ಡಿನಲ್ಲಿ ಲೋಟ ಹಿಡಿದು ನಿಂತಿದ್ದವರು ಅನ್ನೋದು ನನಗೆ ತುಂಬಾ ಇಷ್ಟವಾಯ್ತು.

ಆಮೇಲೆ ವಿಜ್ಞಾನಿಗಳೂ ಕೇಳತೊಡಗಿದರು: ಈ ಡಬ್ಬಿಯಲ್ಲಿ ಪ್ರೋಟೀನ್ ಎಲ್ಲಿ, ಕೊಬ್ಬು ಎಲ್ಲಿ? ಕೊನೆಗೆ ಲೀಬಿಗ್‌ನೂ ಇದು ಮಾಂಸಕ್ಕೆ ಬದಲಿಯಲ್ಲ, ಊಟಕ್ಕೆ ಜೊತೆ ಅಷ್ಟೇ ಅನ್ನೋ ಮಾತಿಗೆ ಇಳಿಯಬೇಕಾಯ್ತು. ಕಂಪನಿ ಮುಂದೆ ಅಡುಗೆಯ ರುಚಿಗೆ ಅಂತ ಅದನ್ನೇ ಮಾರಿಕೊಂಡು ಚೆನ್ನಾಗೇ ಬದುಕಿತು.

*

ವಾದ ಎಷ್ಟು ಮಾಡಿದರೂ ಅಳತೆ ಇಲ್ಲದೆ ತೀರ್ಮಾನ ಆಗೋದಿಲ್ಲ. ಅಳತೆಗೋಲು ಬಂದದ್ದು ಒಂದು ಬಿಯರ್ ಕಾರ್ಖಾನೆಯಿಂದ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಯೋಹಾನ್ ಕೆಲ್ಡಾಲ್ ಬಾರ್ಲಿಯಲ್ಲಿ ಪ್ರೋಟೀನ್ ಎಷ್ಟಿದೆ ಅಂತ ತಿಳಿಯಲು 1883ರಲ್ಲಿ ಸಾರಜನಕ ಅಳೆಯುವ ಸುಲಭದ ವಿಧಾನ ಕಂಡುಹಿಡಿದ. ಬಂದ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನಿನ ಅಂದಾಜು. ಇವತ್ತು ಯಾವುದೇ ಪ್ಯಾಕೆಟ್ಟಿನ ಹಿಂದೆ ನೀವು ಓದೋ ಪ್ರೋಟೀನಿನ ಅಂಕಿಯ ಮೂಲ ಅಲ್ಲಿದೆ. ಅಮೆರಿಕದಲ್ಲಿ ವಿಲ್ಬರ್ ಅಟ್ವಾಟರ್ 1896ರಲ್ಲಿ ಆಹಾರಗಳ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದ. ಒಂದು ಗ್ರಾಂ ಪ್ರೋಟೀನಿಗೆ 4, ಕೊಬ್ಬಿಗೆ 9, ಶರ್ಕರಕ್ಕೆ 4 ಕ್ಯಾಲೊರಿ ಅನ್ನೋ ನಮ್ಮ ಜಿಮ್ಮಿನ ಹುಡುಗರ ಮಂತ್ರ ಇದೆಯಲ್ಲ, ಅದು ಅವನ ಕೆಲಸದಿಂದ ಬಂದದ್ದು.

ಅವನ ನಂತರ ಇಲಿನಾಯ್ ವಿಶ್ವವಿದ್ಯಾಲಯದ ಗ್ರಿಂಡ್ಲಿ, ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ, ಮಾಂಸ ಬೇಯಿಸಿದಾಗ ಏನೇನು ಕಳೆದುಹೋಗುತ್ತೆ ಅಂತ ಒಂದೊಂದಾಗಿ ಅಳೆದ. ಕಳೆದುಹೋಗೋದರಲ್ಲಿ ಬಹುಪಾಲು ನೀರು. ಸಾರು ತೆಗೆದ ಮೇಲೆ ಉಳಿದ ಮಾಂಸ ರುಚಿಯನ್ನು ಕಳೆದುಕೊಂಡಿರುತ್ತೆ, ಪೌಷ್ಟಿಕತೆಯನ್ನು ಅಷ್ಟಾಗಿ ಅಲ್ಲ ಅಂತ ಅವನ ತೀರ್ಮಾನ. ಇಡೀ ಕಥೆಯ ಗಂಟು ಇಲ್ಲೇ ಇದೆ ನೋಡಿ. ನಾಲಿಗೆ ರುಚಿಯನ್ನು ಅಳೆಯುತ್ತೆ. ರುಚಿ ಸಾರಿಗೆ ಹೋಗುತ್ತೆ. ಹಾಗಾಗಿ ಸತ್ವವೂ ಹೋಯ್ತು ಅಂತ ಮನಸ್ಸು ತಿಳಿಯುತ್ತೆ. ತಾತಂದಿರಿಂದ ಲೀಬಿಗ್‌ವರೆಗೆ ಎಲ್ಲರನ್ನೂ ದಾರಿ ತಪ್ಪಿಸಿದ್ದು ನಾಲಿಗೆ.

ನಾನು ಈ ಲೆಕ್ಕ ಕಾಗದದ ಮೇಲೆ ಹಾಕಿ ನೋಡಿದೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಹಸಿ ಕುರಿಮರಿ ಮಾಂಸದ 100 ಗ್ರಾಂನಲ್ಲಿ ಪ್ರೋಟೀನ್ ಸುಮಾರು 17 ಗ್ರಾಂ. ಬೆಂದದ್ದರ 100 ಗ್ರಾಂನಲ್ಲಿ ಸುಮಾರು 24.5 ಗ್ರಾಂ, ಜೊತೆಗೆ ಕೊಬ್ಬು ಸುಮಾರು 21 ಗ್ರಾಂ, ಒಟ್ಟು 294 ಕಿಲೋ ಕ್ಯಾಲೊರಿ. ಮೊದಲು ನೋಡಿದಾಗ ತಲೆ ಕೆರೆದುಕೊಂಡೆ. ಬೆಂಕಿ ಪ್ರೋಟೀನ್ ಎಲ್ಲಿಂದ ತಂತು? ತರಲಿಲ್ಲ. 1000 ಗ್ರಾಂ ಹಸಿ ಮಾಂಸ, ಪ್ರೋಟೀನ್ 170 ಗ್ರಾಂ ಅಂತ ಇಟ್ಟುಕೊಳ್ಳಿ. ಬೇಯಿಸಿದರೆ ನೀರು, ಒಂದಿಷ್ಟು ಕೊಬ್ಬು ಇಳಿದು ತೂಕ 700 ಗ್ರಾಂ ಆಗುತ್ತೆ. 170ನ್ನು 700ಕ್ಕೆ ಹಂಚಿ: ನೂರು ಗ್ರಾಂಗೆ 24ರ ಮೇಲೆ. ಪಟ್ಟಿಯ ಅಂಕಿಗೆ ಹೆಚ್ಚುಕಡಿಮೆ ಸರಿಹೊಂದಿತು! ಅಂದರೆ ಪ್ರೋಟೀನ್ ಬಹುಪಾಲು ತುಂಡಿನಲ್ಲೇ ಕೂತಿದೆ. ಹಸಿಯದ್ದರ ಅಂಕಿಯನ್ನು ಬೆಂದದ್ದಕ್ಕೆ ಹಚ್ಚಿದರೆ ಲೆಕ್ಕ ತಪ್ಪುತ್ತೆ ಅನ್ನೋ ಪಾಠ ಇದರ ಜೊತೆ ಉಚಿತ.

*

ಈ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ಜೋಡಿ ಇನ್ನು ಬರುತ್ತೆ. 1930ರ ದಶಕದ ಆರಂಭ, ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆ. ರಾಬರ್ಟ್ ಮೆಕಾನ್ಸ್ ಅನ್ನೋ ವೈದ್ಯ ಆಸ್ಪತ್ರೆಯ ಅಡುಗೆಮನೆಗೆ ಮಾಂಸದ ದೊಡ್ಡ ದೊಡ್ಡ ತುಂಡು ತಂದು ಬೇಯಿಸಿ ತೂಕ ಹಾಕುತ್ತಿದ್ದ. ಮಧುಮೇಹದ ರೋಗಿಗಳಿಗೆ ಆಹಾರ ಹೇಳಬೇಕಿತ್ತು, ಬೆಂದ ಆಹಾರದ ಅಂಕಿಗಳು ಸರಿಯಾಗಿ ಇರಲಿಲ್ಲ. ಅದೇ ಅಡುಗೆಮನೆಯಲ್ಲಿ ಪಥ್ಯಾಹಾರದ ತರಬೇತಿಗೆ ಬಂದಿದ್ದವಳು ಎಲ್ಸಿ ವಿಡೋಸನ್, ರಸಾಯನಶಾಸ್ತ್ರ ಓದಿದ ಹುಡುಗಿ. ಇಬ್ಬರಿಗೂ ಮಾತು ಹತ್ತಿತು. ಹಣ್ಣುಗಳ ಸಕ್ಕರೆಯ ಬಗ್ಗೆ ನೀವು ಪ್ರಕಟಿಸಿರೋ ಅಂಕಿ ತಪ್ಪು, ಆಮ್ಲದಲ್ಲಿ ಕುದಿಸುವಾಗ ಫ್ರಕ್ಟೋಸ್ ಒಂದಿಷ್ಟು ನಾಶವಾಗಿರುತ್ತೆ ಅಂತ ಆಕೆ ಹೇಳಿಯೇಬಿಟ್ಟಳು. ನಮ್ಮ ಆಫೀಸಿನಲ್ಲಿ ಹೊಸ ಹುಡುಗಿಯೊಬ್ಬಳು ಸೀನಿಯರ್‌ನ ಕೋಡಿನಲ್ಲಿ ಹೀಗೆ ಬಗ್ ತೋರಿಸಿದರೆ ಏನಾಗುತ್ತೆ ಅಂತ ಯೋಚಿಸಿ ನಕ್ಕೆ. ಮೆಕಾನ್ಸ್ ಸಿಟ್ಟಾಗಲಿಲ್ಲ. ಆಕೆಗೆ ಹಣ ಹೊಂದಿಸಿಕೊಟ್ಟು ಜೊತೆಗೆ ಕೆಲಸಕ್ಕೆ ಸೇರಿಸಿಕೊಂಡ. ಆ ಜೊತೆ ಅರವತ್ತು ವರ್ಷ ನಡೆಯಿತು, 1993ರಲ್ಲಿ ಆತ ತೀರಿಕೊಳ್ಳುವವರೆಗೂ. ವಿಡೋಸನ್ 2000ದವರೆಗೆ ಬದುಕಿದ್ದರು.

1933ರಲ್ಲಿ ಮೆಕಾನ್ಸ್ ಮತ್ತು ಶಿಪ್ ಪ್ರಕಟಿಸಿದ ಮಾಂಸದ ವರದಿಯಲ್ಲಿ ಕಾರಣವೂ ಸಿಕ್ಕಿತು. ಶಾಖಕ್ಕೆ ಸ್ನಾಯುವಿನ ಪ್ರೋಟೀನ್ ಕುಗ್ಗುತ್ತೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ರಸ ಹೊರಗೆ ಬರುತ್ತೆ. ರಸದ ಜೊತೆ ಅದರಲ್ಲಿ ಕರಗಿರುವ ಪೊಟ್ಯಾಷಿಯಂನಂಥ ಲವಣಗಳೂ ಬರುತ್ತವೆ. ಬಟ್ಟೆ ಮಾತ್ರ ಕೈಯಲ್ಲೇ ಉಳಿಯುತ್ತೆ. ಅಮ್ಮ 'ನಾರು' ಅಂದದ್ದು ಆ ಬಟ್ಟೆಗೆ, ಮತ್ತು ನಮಗೆ ಬೇಕಾದ ಪ್ರೋಟೀನ್ ಅಂದರೆ ಆ ಬಟ್ಟೆಯೇ.

1934ರಲ್ಲಿ ಮೆಕಾನ್ಸ್, ಶೆಲ್ಡನ್, ವಿಡೋಸನ್ ಮೂವರೂ ಸೇರಿ ಎಲುಬಿನ ಸಾರನ್ನೇ ಪರೀಕ್ಷೆಗೆ ಹಿಡಿದರು. ಹಾಲು ಬಿಡಿಸುವ ಮಕ್ಕಳಿಗೆ ಅದನ್ನು ಕೊಡುತ್ತಿದ್ದರು. ಎಲುಬಿನಿಂದ ಸಾರಿಗೆ ಇಳಿದ ಕ್ಯಾಲ್ಸಿಯಂ ಅತ್ಯಲ್ಪ. ಎಲುಬು ಗಟ್ಟಿಯಾಗೋಕೆ ಎಲುಬಿನ ಸೂಪು ಅನ್ನೋ ನಮ್ಮ ತರ್ಕಕ್ಕೆ ಅಲ್ಲೇ ಪೆಟ್ಟು ಬಿತ್ತು. 1940ರಲ್ಲಿ ಈ ಜೋಡಿಯ ಆಹಾರ ಸಂಯೋಜನೆಯ ದೊಡ್ಡ ಪುಸ್ತಕ ಬಂತು. ಹಸಿ, ಬೆಂದದ್ದು ಎರಡರ ಅಂಕಿಯೂ ಅದರಲ್ಲಿದ್ದವು. ಪರಿಷ್ಕರಣೆಗೊಳ್ಳುತ್ತಾ ಅದು ಇವತ್ತಿಗೂ ಇವರಿಬ್ಬರ ಹೆಸರಿನಲ್ಲೇ ಓಡುತ್ತಿದೆ.

ನಮ್ಮ ಕಡೆಯಲ್ಲೂ ಅದೇ ಕಾಲಕ್ಕೆ ಕೆಲಸ ನಡೆದಿತ್ತು. ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ಮೆಕ್ಯಾರಿಸನ್ ಶುರುಮಾಡಿದ ಪುಟ್ಟ ಸಂಶೋಧನಾಲಯದಿಂದ 1937ರಲ್ಲಿ ಎಯ್ಕ್ರಾಯ್ಡ್ ಭಾರತದ ಆಹಾರಗಳ ಪೌಷ್ಟಿಕ ಪಟ್ಟಿ ತಂದರು. ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಯ್ತು. ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. 1971ರಲ್ಲಿ ಗೋಪಾಲನ್ ಮತ್ತು ಸಂಗಡಿಗರು ತಂದ ಪಟ್ಟಿಯಲ್ಲಿ ಕುರಿಮಾಂಸಕ್ಕೆ ಪ್ರೋಟೀನ್ 18.5 ಗ್ರಾಂ, ಕಬ್ಬಿಣ 2.5 ಮಿಲಿಗ್ರಾಂ. ಅದು ಹಸಿ ಮಾಂಸದ ಅಂಕಿ.

*

ಈಗ ಕಬ್ಬಿಣ. ನಾನು ಹೊರಟಿದ್ದೇ ಇದನ್ನು ಹುಡುಕಿಕೊಂಡು.

ಮೆಕಾನ್ಸ್ ಮತ್ತು ವಿಡೋಸನ್ 1930ರ ದಶಕದ ಕೊನೆಗೆ ಇನ್ನೊಂದು ದೊಡ್ಡ ವಿಷಯ ತೋರಿಸಿದರು. ಕಬ್ಬಿಣವನ್ನು ನೇರ ರಕ್ತಕ್ಕೆ ಚುಚ್ಚಿ ನೋಡಿದರೆ ದೇಹ ಅದನ್ನು ಹೊರಗೆ ಹಾಕೋದೇ ಇಲ್ಲ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಎಷ್ಟು ಒಳಗೆ ಬಿಡಬೇಕು ಅನ್ನೋದನ್ನು ಕರುಳಿನ ಬಾಗಿಲಲ್ಲೇ ತೀರ್ಮಾನಿಸುತ್ತೆ. ದಿನಕ್ಕೆ ಸುಮಾರು ಒಂದು ಮಿಲಿಗ್ರಾಂ ತಾನಾಗಿ ಕಳೆಯುತ್ತೆ, ಅಷ್ಟು ಒಳಗೆ ಬಂದರೆ ಲೆಕ್ಕ ಸರಿ. ಆದರೆ ರಕ್ತ ಹೋದರೆ ಅದರ ಜೊತೆ ಕಬ್ಬಿಣವೂ ಹೋಗುತ್ತೆ. ಅಂದರೆ ನಮ್ಮ ಮನೆಯಲ್ಲಿ ಕಬ್ಬಿಣ ಅತಿ ಹೆಚ್ಚು ಬೇಕಾಗಿದ್ದವರು ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುತ್ತಿದ್ದ ಅಮ್ಮ ಮತ್ತು ಅಕ್ಕ. ತುಂಡು ಅತಿ ಕಮ್ಮಿ ಸಿಗುತ್ತಿದ್ದದ್ದೂ ಅವರಿಗೇ.

"ಬೆಂದ ಕುರಿಮಾಂಸದಲ್ಲಿ ಕಬ್ಬಿಣ ಎರಡು ಮಿಲಿಗ್ರಾಂನಷ್ಟೇ, ರಾಗಿಯಲ್ಲಿ ಅದರ ಎರಡರಷ್ಟು" ಅಂತ ನೀವು ಹೇಳಬಹುದು. ನಿಜ. ಆದರೆ ರಾಗಿಯ ಕಬ್ಬಿಣವನ್ನು ಅದರಲ್ಲೇ ಇರುವ ಫೈಟೇಟು, ಟ್ಯಾನಿನ್ನುಗಳು ಹಿಡಿದುಕೊಳ್ಳುತ್ತವೆ. ಬಾಗಿಲು ದಾಟೋದು ಸ್ವಲ್ಪವೇ. ಮಾಂಸದ ಕಬ್ಬಿಣದಲ್ಲಿ ದೊಡ್ಡ ಪಾಲು ಹೀಮ್ ಅನ್ನೋ ರೂಪದಲ್ಲಿರುತ್ತೆ, ಅದು ಸುಲಭವಾಗಿ ದಾಟುತ್ತೆ. ಇನ್ನೂ ಚಂದದ ಸಂಗತಿ ಅಂದ್ರೆ, 1960ರ ದಶಕದಲ್ಲಿ ವೆನೆಜುವೆಲಾದಲ್ಲಿ ಲೈರೀಸ್ ಮತ್ತು ಸಂಗಡಿಗರು ತೋರಿಸಿದ ಹಾಗೆ, ಕಾಳು-ಧಾನ್ಯಗಳ ಜೊತೆ ಮಾಂಸ ತಿಂದರೆ ಆ ಕಾಳಿನ ಕಬ್ಬಿಣವೂ ಹೆಚ್ಚು ಒಳಗೆ ಹೋಗುತ್ತೆ. ಮುದ್ದೆಯ ಜೊತೆ ಒಂದೆರಡು ತುಂಡು ಇದ್ದರೆ ಮುದ್ದೆಯ ಬೆಲೆಯೂ ಏರುತ್ತೆ! (ಸಸ್ಯಾಹಾರಿಗಳಿಗೆ: ನಿಂಬೆಹಣ್ಣು, ನೆಲ್ಲಿಕಾಯಿ ಜೊತೆಗಿದ್ದರೂ ಇಂಥದ್ದೇ ಉಪಕಾರ.) ಇದರ ಜೊತೆ ಸತು, ಬಿ12. ಇವುಗಳ ಬಹುಪಾಲೂ ತುಂಡಿನಲ್ಲೇ.

ಹಾಗಂತ ಸಾರು ದಂಡ ಅಂತ ಅಲ್ಲ. ಲವಣಗಳು, ನೀರಿನಲ್ಲಿ ಕರಗುವ ಕೆಲವು ಬಿ ಜೀವಸತ್ವಗಳು ಅದಕ್ಕೆ ಇಳಿದಿರುತ್ತವೆ, ರುಚಿಯಂತೂ ಪೂರಾ. ಬಸಿದು ಚೆಲ್ಲುವ ದೇಶಗಳಲ್ಲಿ ಅದು ನಷ್ಟ. ನಮ್ಮಲ್ಲಿ ಮುದ್ದೆ ಅದ್ದಿ ನುಂಗ್ತೀವಿ, ಒಂದು ಹನಿಯೂ ಹಾಳಾಗೋದಿಲ್ಲ. ಪಾತ್ರೆಯ ಲೆಕ್ಕದಲ್ಲಿ ನಮ್ಮ ಬಾಡಿನ ಸಾರು ತುಂಬಾ ಜಾಣ ಅಡುಗೆ. ತಪ್ಪಿರೋದು ಪಾತ್ರೆಯಲ್ಲಿ ಅಲ್ಲ, ಸೌಟಿನಲ್ಲಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡಾ ಜನಕ್ಕೆ ರಕ್ತಹೀನತೆ. ಕರ್ನಾಟಕದಲ್ಲಿ ಸುಮಾರು 48. ಇದಕ್ಕೆಲ್ಲ ಮಟನ್ ತುಂಡೇ ಕಾರಣ ಅಂತ ಹೇಳೋಷ್ಟು ದಡ್ಡ ನಾನಲ್ಲ. ಆದರೆ ಪ್ಯಾರಿಸ್ಸಿನ ಬಡ ರೋಗಿಗಳಿಗೆ ಎಲುಬಿನ ಸಾರು ಕೊಟ್ಟು ಸತ್ವ ಅಂದದ್ದಕ್ಕೂ, ನಮ್ಮ ಅಡುಗೆಮನೆಯಲ್ಲಿ ಕೊನೆಗೆ ಉಂಡವರಿಗೆ ಸಾರು ಉಳಿಸಿ ಸತ್ವ ಅಂದದ್ದಕ್ಕೂ ಏನೋ ಸಂಬಂಧ ಇದೆ ಅನ್ನಿಸುತ್ತೆ. ಕಮ್ಮಿ ಪಾಲು ಸಿಗುವವರ ಹತ್ತಿರ ಯಾವಾಗಲೂ ಒಂದು ಒಳ್ಳೆಯ ಸಿದ್ಧಾಂತ ಇರುತ್ತೆ. ಪ್ಯಾರಿಸ್ಸಿನಲ್ಲಿ ಅದನ್ನು ಬೇರೆಯವರು ಮಾಡಿಕೊಟ್ಟರು. ನಮ್ಮಮ್ಮ ತಾನೇ ಮಾಡಿಕೊಂಡಳು.

*

ಕಥೆ ಮುಗಿಸ್ತೀನಿ. ಬಿಟ್ಟಿದ್ದ ಮಾತ್ರೆ ಬದಲಾಯಿಸಿಕೊಟ್ಟರು, ಮುಂದೂಡಿದ್ದ ಪರೀಕ್ಷೆ ಮಾಡಿಸಿದ್ವಿ, ರಕ್ತಸ್ರಾವಕ್ಕೆ ಕಾರಣ ಸಿಕ್ಕಿತು, ಚಿಕಿತ್ಸೆ ಆಯ್ತು. ಭಾನುವಾರ ತುಂಡೂ ಬಡಿಸಿದೆ. ಏಳು ತಿಂಗಳಿಗೆ 11.4. ಮೂರು ವೇರಿಯಬಲ್ ಒಟ್ಟಿಗೆ ಬದಲಾಯಿಸಿ ಯಾವುದರಿಂದ ಸರಿಹೋಯ್ತು ಅಂತ ಕೇಳಬಾರದು. ನನ್ನನ್ನು ಕೇಳಿದರೆ ಮಾತ್ರೆ ಮತ್ತು ಚಿಕಿತ್ಸೆ ಅಂತೀನಿ. ಸೂಪಿನ ಮೇಲೆ ನಂಬಿಕೆ ಇಟ್ಟು ನಾನು ಕಳೆದ ಆ ಮೂರು ತಿಂಗಳು ಮಾತ್ರ ಇನ್ನೂ ಚುಚ್ಚುತ್ತೆ.

ಮೊನ್ನೆ ಯುಗಾದಿಯ ಹೊಸತೊಡಕಿಗೆ ಊರಿಗೆ ಹೋಗಿದ್ದೆ. ಈ ಸಲ ಸೌಟು ನಾನು ಹಿಡಿದೆ. ಅಮ್ಮನ ತಟ್ಟೆಗೆ ಮೊದಲು ನಾಲ್ಕು ತುಂಡು ಹಾಕಿ, ಲೀಬಿಗ್ ಕಥೆ, ವಿಡೋಸನ್ ಕಥೆ, 170 ಭಾಗಿಸು 700 ಎಲ್ಲಾ ಹೇಳಿದೆ. ಅಮ್ಮ ಪೂರಾ ಕೇಳಿಸಿಕೊಂಡಳು.

"ಅದೆಲ್ಲಾ ನಂಗೆ ಮೊದ್ಲೇ ಗೊತ್ತಿತ್ತು ಕಣ್ಲಾ" ಅಂದಳು, ತುಂಡು ಮುರೀತಾ. "ಒಂದು ಕೆಜಿ ಬಾಡು, ಎಂಟು ಜನ. ಇನ್ನೇನಂತ ಹೇಳ್ಬೇಕಿತ್ತು ನಿಂಗೆ?"

ಆಮೇಲೆ ನನಗೆ ಮಾತು ಬರಲಿಲ್ಲ. ಸುಮ್ಮನೆ ಸಾರು ಬಡಿಸಿದೆ.

ನಿಮ್ಮ ಮನೆಯಲ್ಲಿ ಸೌಟು ಯಾವ ಕ್ರಮದಲ್ಲಿ ತಿರುಗುತ್ತೆ ಗೆಳೆಯರೇ? ಒಂದು ಸಲ ಗಮನಿಸಿ ನೋಡಿ.